ದುಪಟ್ಟಾದ ಹಳದಿ

ರೆಹಾನಾ ಮಗಳು ಗಜಾಲಾಳ ಕೆನ್ನೆಯನ್ನು ಮತ್ತೊಮ್ಮೆ ಉಜ್ಜಿದಳು. ಹತ್ತಿಯನ್ನು ಕರ್ಪೂರದ ನೀರಿನಲ್ಲಿ ಅದ್ದಿ, ಹಿಂಡಿ, ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಒರೆಸಿ, ತಿರುಗಿಸಿ ನೋಡಿದಳು. ಹತ್ತಿ ಬಿಳಿಯಾಗಿಯೇ ಇತ್ತು. ಕೆನ್ನೆಯ ಹಳದಿ ಹಾಗೇ ಇತ್ತು.

"ಅರಿಸಿನ ಯಾರು ಹಚ್ಚಿದ್ದು ಇವಳಿಗೆ?" ಎಂದಳು. "ಸತ್ತೋಳಿಗೆ ಯಾರಾದ್ರೂ ಅರಿಸಿನ ಹಚ್ತಾರಾ?"

ಮೈ ತೊಳೆಸಲು ಬಂದಿದ್ದ ರುಖ್ಸಾರ್ ಬೀ ನೀರಿನ ಮಗ್ ಹಿಡಿದುಕೊಂಡು ಹಾಗೇ ನಿಂತಳು. ಯಲಹಂಕ ಹಳೇ ಟೌನಿನ ಹೆಂಗಸರಲ್ಲಿ ಯಾರೇ ತೀರಿಕೊಂಡರೂ ಗುಸಲ್ ಮಾಡಿಸುವವಳು ಅವಳೇ. ಎಂಥೆಂಥ ಮೈ ನೋಡಿದ್ದಳೋ, ಅವಳಿಗೆ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. "ಅರಿಸಿನ ಅಲ್ಲಮ್ಮಾ. ಕಾಯಿಲೆ ಬಣ್ಣ. ನೀರಿಗೆ ಹೋಗಲ್ಲ," ಎಂದಳು.

"ಯಾವ ಕಾಯಿಲೆ? ಶುಕ್ರವಾರ ಫೋಟೋ ಕಳ್ಸವ್ಳೆ. ಹೂವಿದ್ದಂಗಿದ್ಲು ನನ್ನ ಮಗಳು."

ರೆಹಾನಾ ಇನ್ನಷ್ಟು ಹತ್ತಿ ಕಿತ್ತುಕೊಂಡಳು. ಕಿರಿಯ ಮಗಳು ರುಮಾನಾ ಅಮ್ಮನ ಕೈ ಹಿಡಿದು ತಡೆಯಲು ನೋಡಿದಳು, ಆಗಲಿಲ್ಲ. ಹಿತ್ತಲಿನ ನಾಲ್ಕೂ ಕಡೆ ಬೆಡ್‌ಶೀಟ್ ಕಟ್ಟಿದ್ದರು. ಕಟ್ಟಲು ಜಾಗವಿಲ್ಲದೆ ಗಜಾಲಾಳ ಕುಂಡಗಳನ್ನೆಲ್ಲ ಒಂದು ಮೂಲೆಗೆ ತಳ್ಳಿದ್ದರು. ಒಂದು ದಾಸವಾಳದ ಕೊಂಬೆ ಮುರಿದು ನೇತಾಡುತ್ತಿತ್ತು.

ಬೆಡ್‌ಶೀಟಿನ ಈಚೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಯೀಮ್ ನಿಂತಿದ್ದ. ಗಂಡನಾದವನು ಮುಖ ನೋಡಬಹುದು, ಮುಟ್ಟಬಾರದು ಎಂದು ಅವನ ಚಾಚಾ ಖಾದರ್ ಬಾಷಾ ಬೆಳಿಗ್ಗೆಯೇ ಹೇಳಿಟ್ಟಿದ್ದರು. ಅತ್ತೆಯ ಪ್ರತಿ ಮಾತೂ ಅವನಿಗೆ ಕೇಳುತ್ತಿತ್ತು. ನಿನ್ನೆ ಸಂಜೆ ಗಜಾಲಾ ಉಸಿರು ಬಿಟ್ಟಾಗ ಅವನು ಚಳ್ಳಕೆರೆಗೆ ಫೋನ್ ಮಾಡಿ, ತುಂಬ ಹುಷಾರಿಲ್ಲ, ಈಗಲೇ ಹೊರಡಿ ಎಂದಷ್ಟೇ ಹೇಳಿದ್ದ. ಉಳಿದದ್ದನ್ನು ತುಮಕೂರು ದಾಟಿದ ಮೇಲೆ ಹೇಳಿದ್ದ. ಯಾವ ಕಾಯಿಲೆ ಎಂದು ಆಗಲೂ ಹೇಳಿರಲಿಲ್ಲ.

ಕಫನ್ ಸುತ್ತಿ ನಡುಮನೆಗೆ ತಂದರು. ಮುಖ ಮಾತ್ರ ತೆರೆದಿತ್ತು. ಬಿಳಿ ಬಟ್ಟೆಯ ನಡುವೆ ಆ ಮುಖ ಇನ್ನೂ ಹಳದಿಯಾಗಿ ಕಂಡಿತು. ನೋಡಲು ಬಂದ ಹೆಂಗಸರು ಒಂದು ಸಲ ನೋಡಿ, ಆಮೇಲೆ ಗೋಡೆ ನೋಡಿದರು. ರೆಹಾನಾ ತಲೆಯ ಹತ್ತಿರ ಕುಳಿತು ಅಳಿಯನನ್ನೇ ದಿಟ್ಟಿಸಿದಳು.

"ಏನಾಗಿತ್ತು ಇವಳಿಗೆ?"

"ಕಾಮಾಲೆ, ಅಮ್ಮೀ."

"ಕಾಮಾಲೆ ಶುಕ್ರವಾರ ಬಂದು ಮಂಗಳವಾರ ಕೊಲ್ಲುತ್ತಾ? ಯಾವಾಗಿಂದ ಐತೆ?"

ಬಾಗಿಲ ಪಕ್ಕ ಚಾಪೆಯ ಮೇಲೆ ಕುಳಿತಿದ್ದ ಶಾಂತಲಾ ತಲೆ ತಗ್ಗಿಸಿದಳು. ಗಜಾಲಾ ಕೆಲಸ ಮಾಡುತ್ತಿದ್ದ ನರ್ಸರಿ ಅವಳದು. ಅವಳಿಗೆ ಎಲ್ಲ ಗೊತ್ತಿತ್ತು.

ಖಾದರ್ ಬಾಷಾ ಕೆಮ್ಮಿದರು. "ಆಪಾ, ಮಧ್ಯಾಹ್ನದ ಜೊಹರ್ ನಮಾಜ್ ಆದ್ಮೇಲೆ ಎತ್ಬೇಕು. ಖಬರಸ್ತಾನದಲ್ಲಿ ಎಲ್ಲಾ ರೆಡಿ ಇದೆ. ನೀವು ದೂಧ್ ಬಕ್ಷ್ ಮಾಡ್ಬಿಟ್ರೆ..."

ಮಗು ತೀರಿಕೊಂಡರೆ ತಾಯಿ ಹೊರಲು ಸಿದ್ಧವಾದ ಜನಾಜಾದ ಹತ್ತಿರ ಬಂದು, ನನ್ನ ಎದೆಹಾಲಿನ ಋಣ ಬಿಟ್ಟೆ ಎಂದು ಹೇಳುವುದೇ ದೂಧ್ ಬಕ್ಷ್. ಶಾಸ್ತ್ರದಲ್ಲಿ ಇದೆಯೇ ಎಂದು ಕೇಳಿದರೆ ಮೌಲಾನಾಗಳು ಇಲ್ಲವೆಂದೇ ಹೇಳುತ್ತಾರೆ. ಆದರೂ ಆ ಮಾತು ಕೇಳದೆ ಯಾರೂ ಹೆಗಲು ಕೊಡುವುದಿಲ್ಲ. ಮಕ್ಕಳು ಆ ಭಾರ ಹೊತ್ತುಕೊಂಡು ಮಣ್ಣಿಗೆ ಹೋಗಬಾರದಲ್ಲ. ಇರುವುದೇ ಎರಡು ಮಾತು, ಯಾವ ತಾಯಿಯೂ ಇಲ್ಲ ಎಂದದ್ದನ್ನು ಆ ಗಲ್ಲಿ ಕಂಡಿರಲಿಲ್ಲ.

"ಮಾಡಲ್ಲ," ಎಂದಳು ರೆಹಾನಾ.

"ಆಪಾ!"

"ನನ್ನ ಮಗಳಿಗೆ ಏನಾತು ಅಂತ ಹೇಳೋತನಕ ಮಾಡಲ್ಲ. ಇಲ್ಲೇ ಇರ್ಲಿ ಅವಳು. ನಾನೂ ಇಲ್ಲೇ ಇರ್ತೀನಿ."

ನಯೀಮ್ ಗೋಡೆ ಹಿಡಿದು ಕುಳಿತುಬಿಟ್ಟ. ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಹೇಳುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ. ಮಾತು ತೆಗೆದುಕೊಂಡವಳು ಬಿಳಿ ಬಟ್ಟೆಯಲ್ಲಿ ಮಲಗಿದ್ದಳು. ಹೇಳಿದರೆ ಅವಳಿಗೆ ಮೋಸ, ಹೇಳದಿದ್ದರೆ ತಾಯಿಯ ಋಣ ಹೊತ್ತುಕೊಂಡೇ ಅವಳು ಹೋಗಬೇಕು.

*

ಶಾಂತಲಾಳ ನರ್ಸರಿ ಇರುವುದು ಹೆಸರಘಟ್ಟ ರಸ್ತೆಯಲ್ಲಿ. ಮಾವ ಚಿಕ್ಕಬೈರಪ್ಪ ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಅವಳು ಬಿಸಿಲು ತಡೆಯುವ ಹಸಿರು ನೆಟ್ ಹೊದಿಸಿ ಗುಲಾಬಿ, ಕ್ರೋಟನ್, ಕಾಗದದ ಹೂವು ತುಂಬಿಸಿದ್ದಳು. ಫೋನಿನಲ್ಲಿ ಫೋಟೋ ನೋಡಿ ಜನ ಆರ್ಡರ್ ಮಾಡುತ್ತಿದ್ದರು. ನಯೀಮ್ ತನ್ನ ಗೂಡ್ಸ್ ಆಟೋದಲ್ಲಿ ಗಿಡಗಳನ್ನು ಸಹಕಾರನಗರಕ್ಕೋ ಆರ್.ಟಿ. ನಗರಕ್ಕೋ ಒಯ್ಯುತ್ತಿದ್ದ, ಅರ್ಧಕ್ಕರ್ಧ ವಾಪಸ್ ತರುತ್ತಿದ್ದ. ಫೋಟೋದಲ್ಲಿ ಇದ್ದ ಬಣ್ಣವೇ ಬೇರೆ, ನೀವು ತಂದದ್ದೇ ಬೇರೆ ಎಂದು ಗೇಟಿನಲ್ಲೇ ನಿಲ್ಲಿಸಿ ಬೈಯುತ್ತಿದ್ದರು.

"ನನ್ನ ಹೆಂಡತಿ ಫೋಟೋ ಬಣ್ಣದ ಕೆಲ್ಸಾನೇ ಮಾಡೋದು, ಅಕ್ಕಾ," ಎಂದು ಅವನೇ ಒಂದು ದಿನ ಗಜಾಲಾಳನ್ನು ಕರೆತಂದ.

ಗಜಾಲಾ ಅದುವರೆಗೆ ಯಶವಂತಪುರದ ಮದುವೆ ಸ್ಟುಡಿಯೋ ಒಂದರಲ್ಲಿದ್ದಳು. ಮದುಮಕ್ಕಳ ಮುಖ ಬೆಳ್ಳಗೆ ಮಾಡುವುದು ಅವಳ ಕೆಲಸ. ಕಪ್ಪು ಮುಖ, ಕೆಂಪು ಮುಖ, ಮೊಡವೆ ಮುಖ ಎಲ್ಲವನ್ನೂ ಒಂದೇ ಮೈದಾಹಿಟ್ಟಿನ ಬಣ್ಣಕ್ಕೆ ತಂದು ತಂದು ಅವಳಿಗೆ ವಾಕರಿಕೆ ಬಂದಿತ್ತು. "ಹೆತ್ತ ತಾಯಿಗೇ ಗುರುತು ಸಿಗಬಾರದು, ಹಂಗೆ ಮಾಡ್ತೀನಿ ನಾನು. ಗಿಡಗಳಾದ್ರೆ ಬೆಳ್ಳಗೆ ಮಾಡು ಅಂತ ಕೇಳಲ್ವಲ್ಲ," ಎಂದು ಶಾಂತಲಾಳ ಹತ್ತಿರ ನಕ್ಕಿದ್ದಳು.

ಗಿಡಗಳು ಕೇಳಲಿಲ್ಲ, ಶಾಂತಲಾ ಕೇಳಿದಳು. "ಗುಲಾಬೀನ ಇನ್ನೊಂಚೂರು ಕೆಂಪು ಮಾಡೇ. ಜನ ಕೆಂಪು ನೋಡೇ ಅಲ್ವಾ ತಗೊಳ್ಳೋದು?"

"ಗಿಡ ಮನೆಗೋದ್ಮೇಲೆ ಬಾಡೋಗಿದೆ ಅಂತಾರೆ. ಆಗ ಬೈಸ್ಕೊಳ್ಳೋದು ನಮ್ಮೆಜಮಾನ್ರು. ನಿಮಗೇನು, ಆರಾಮಾಗಿ ಕೂತಿರ್ತೀರಾ."

ಅವಳ ಪದ್ಧತಿ ಸರಳವಾಗಿತ್ತು. ಗಿಡದ ಪಕ್ಕ ಒಂದು ಬಿಳಿ ರಟ್ಟು ಇಟ್ಟು ಮೊದಲ ಫೋಟೋ ತೆಗೆಯುವಳು. ಪರದೆಯ ಮೇಲೆ ಆ ರಟ್ಟು ಬಿಳಿಯಾಗಿ ಕಂಡರೆ ಉಳಿದ ಬಣ್ಣಗಳೂ ಸರಿ ಎಂದು ಲೆಕ್ಕ. ಬಿಳಿ ಪಕ್ಕದಲ್ಲಿದ್ದರೆ ಯಾವ ಬಣ್ಣವೂ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದಳು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಪ್ರತಿ ಗಿಡದಿಂದ ಒಂದು ಎಲೆಯನ್ನೋ ಎಸಳನ್ನೋ ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು, ಕಂಪ್ಯೂಟರಿನ ಪಕ್ಕ ಹಿಡಿದುಕೊಳ್ಳಲು ನಯೀಮನಿಗೆ ಕೊಡುವಳು. ಒಂದು ಕಣ್ಣು ಎಲೆಯ ಮೇಲೆ, ಒಂದು ಕಣ್ಣು ಪರದೆಯ ಮೇಲೆ. "ಇನ್ನೂ ಸ್ವಲ್ಪ," ಎಂದು ತನಗೆ ತಾನೇ ಹೇಳಿಕೊಂಡು ಬಣ್ಣ ಏರಿಸುವಳು. "ಇನ್ನೂ ಸ್ವಲ್ಪ." ನಯೀಮನ ಕೈ ಜೋಮು ಹಿಡಿಯುತ್ತಿತ್ತು. ಅನ್ನ ಆರಿಹೋಗುತ್ತಿತ್ತು. ಗಿಡ ವಾಪಸ್ ಬರುವುದು ಮಾತ್ರ ನಿಂತಿತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಅಂಗೈ ಕೆರೆತ ಶುರುವಾಯಿತು. ಗಿಡಕ್ಕೆ ಹೊಡೆಯುವ ಬೇವಿನೆಣ್ಣೆ ಆಗಿಬರುತ್ತಿಲ್ಲ ಎಂದುಕೊಂಡಳು. ಅದೇ ದಿನಗಳಲ್ಲಿ ನಯೀಮ್ ಕಾಗದದ ಹೂವಿನ ಸಾಲಿನಲ್ಲಿ ಅವಳನ್ನು ನಿಲ್ಲಿಸಿ ಒಂದು ಫೋಟೋ ತೆಗೆದಿದ್ದ.

"ನೋಡು, ಕಣ್ಣೆಲ್ಲ ಹಳದಿ ಬಂದಿದೆ," ಎಂದಿದ್ದ.

"ಹಸಿರು ನೆಟ್ ಕೆಳಗೆ ತೆಗೆದ್ರೆ ಇನ್ನೇನ್ರೀ ಬರುತ್ತೆ? ಕೊಡಿ ಇಲ್ಲಿ." ಅವಳು ಅಲ್ಲೇ ನಿಂತು ಹಳದಿಯನ್ನು ತೆಗೆದು ಫೋಟೋ ಅಮ್ಮನಿಗೆ ಕಳಿಸಿದಳು.

ನೆಟ್ಟಿನ ಕೆಳಗೆ ನಿಂತವರ ಮುಖಕ್ಕೆಲ್ಲ ಎಲೆಯ ಬಣ್ಣ ಬಡಿಯುತ್ತದೆ, ಅದು ಸುಳ್ಳಲ್ಲ. ಶಾಂತಲಾಳ ಮುಖವೂ ಹಾಗೇ ಬರುತ್ತಿತ್ತು. ಆದ್ದರಿಂದ ಮುಂದಿನ ಫೋಟೋದಲ್ಲೂ ತೆಗೆದರು, ಅದರ ಮುಂದಿನದರಲ್ಲೂ ತೆಗೆದರು. ಪ್ರತಿ ಗಿಡದ ಪಕ್ಕ ಬಿಳಿ ರಟ್ಟು ಇಟ್ಟವಳು ತನ್ನ ಕೆನ್ನೆಯ ಪಕ್ಕ ಒಂದು ಸಲವೂ ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಒಂದೇ ಬಲ್ಬು, ಅದೂ ಮಂಕು. ದಿನಾ ನೋಡುವ ಮುಖ ದಿನಕ್ಕೆ ಒಂದೆಳೆಯಷ್ಟು ಬದಲಾದರೆ ಕಾಣುವುದಾದರೂ ಯಾರಿಗೆ? ಮೂರು ತಿಂಗಳು ಹೀಗೇ ಹೋಯಿತು. ಕೊನೆಗೆ ಕೆರೆತಕ್ಕೆ ಮುಲಾಮು ಕೇಳಲು ಹೋದಾಗ, ಬಿಸಿಲಿನಲ್ಲಿ ನಿಂತಿದ್ದ ಅವಳನ್ನು ನೋಡಿ ಔಷಧಿ ಅಂಗಡಿಯವನು, "ಅಮ್ಮಾ, ನಿಮ್ಮ ಕಣ್ಣು ಯಾಕೆ ಹಿಂಗಿದೆ?" ಎಂದು ಕೇಳಿದ.

*

"ನಾನು ಕೊಟ್ಟ ದುಪಟ್ಟಾ ಎಲ್ಲೈತೆ?" ರೆಹಾನಾ ಎದ್ದು ನಿಂತಳು. "ಈದ್‌ಗೆ ಕಳ್ಸಿದ್ದು. ಅದನ್ನ ಒಂದ್ಸಲ ಮೈಮೇಲೆ ಹಾಕಿ ತೆಗೀತೀನಿ. ಆಮೇಲೆ ನೋಡೋಣ."

ಮಸೀದಿಯಲ್ಲಿ ಅಜಾನ್ ಆಗಿತ್ತು. ಗಂಡಸರು ನಮಾಜಿಗೆ ಹೋಗಿದ್ದರು. ನಯೀಮ್ ಹೋಗಿರಲಿಲ್ಲ. ಅತ್ತೆ ಒಳಕೋಣೆಗೆ ಹೋದದ್ದು ನೋಡಿ ಅವನು ಏಳಲು ಹೋಗಿ ಮತ್ತೆ ಗೋಡೆಗೆ ಒರಗಿದ.

ದುಪಟ್ಟಾ ಹಗ್ಗದ ಮೇಲೆ ಇತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಚೆಂಡುಹೂವಿನ ಹಳದಿ, ಅಂಚಿಗೆ ಬಿಳಿ ಕಸೂತಿ. ರೆಹಾನಾ ಅದನ್ನು ಎಳೆದುಕೊಂಡು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ನಿಧಾನವಾಗಿ ಕೆಳಗಿಳಿಸಿ ನೋಡಿದಳು.

"ರುಮಾನಾ, ನನ್ನ ಫೋನ್ ತಗಂಬಾ."

ರುಮಾನಾ ಫೋನ್ ತಂದಳು. ಶುಕ್ರವಾರದ ಫೋಟೋ ತೆರೆದಳು. ದಿಂಬಿಗೆ ಒರಗಿ ಕುಳಿತ ಗಜಾಲಾ, ಕೆನ್ನೆ ಗುಲಾಬಿ ಬಣ್ಣ, ತುಟಿಯ ಮೇಲೆ ನಗು, ಹೆಗಲ ಮೇಲೆ ಬೂದಿ ಬಿಳುಪಿನ ದುಪಟ್ಟಾ. ಅದೇ ಕಸೂತಿ.

"ಬೆಳ್ಳಗಾಗೈತಲ್ಲೇ ಅಂತ ನಾನು ಕೇಳಿದ್ದೆ. ತೊಳೆದಾಗ ಬಣ್ಣ ಬಿಡ್ತು ಅಮ್ಮೀ ಅಂದ್ಲು." ರೆಹಾನಾ ಫೋನನ್ನು ಬಟ್ಟೆಯ ಪಕ್ಕ ಹಿಡಿದಳು. "ಎಲ್ಲಿ ಬಿಟ್ಟೈತೆ? ನೀನೇ ನೋಡು. ಒಂದು ಎಳೆ ಬಿಟ್ಟಿಲ್ಲ."

ರುಮಾನಾ ನೋಡಿದಳು. ಅವಳಿಗೆ ಅಮ್ಮನಿಗಿಂತ ಬೇಗ ಅರ್ಥವಾಯಿತು. "ಫೋಟೋದಲ್ಲಿ ಹಳದಿ ತೆಗೆದವ್ರೆ ಅಮ್ಮೀ," ಎಂದಳು. "ಮುಖದ್ದು ತೆಗೆಯಕ್ಕೋಗಿ ಇದರದ್ದೂ ಹೋಗೈತೆ."

*

ಆಸ್ಪತ್ರೆಯಲ್ಲಿ ಡಾಕ್ಟರು ಪಿತ್ತನಾಳದಲ್ಲಿ ಗಡ್ಡೆ ಎಂದಿದ್ದರು. ಲಿವರಿಗೂ ಹಬ್ಬಿದೆ ಎಂದಿದ್ದರು. ಕಣ್ಣು ಹಳದಿಯಾದ ಹೊಸದರಲ್ಲೇ ಬಂದಿದ್ದರೆ ಆಪರೇಷನ್ ಮಾಡಿ ನೋಡಬಹುದಿತ್ತು ಎಂದೂ ಹೇಳಿದರು. ಅವರು ಬೈಯಲಿಲ್ಲ. ಬೈದಿದ್ದರೆ ನಯೀಮನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಶಾಂತಲಾ ತನ್ನ ಕಾರಿನಲ್ಲಿ ಇಬ್ಬರನ್ನೂ ಮನೆಗೆ ಕರೆತಂದಳು. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ಮೂವರೂ ಮುಂದಿನ ಬಸ್ಸಿನ ಹಿಂಭಾಗವನ್ನು ನೋಡುತ್ತ ಕುಳಿತರು.

ಆಗ ರುಮಾನಾಳ ಫೋನ್ ಬಂತು. ಅಮ್ಮೀಗೆ ದಾವಣಗೆರೆಯಲ್ಲಿ ಹಾರ್ಟ್ ಆಪರೇಷನ್ ಆಗಿ ವಾರವಾಗಿತ್ತು. ಆರು ತಿಂಗಳು ಪ್ರಯಾಣ ಕೂಡದು, ಮನಸ್ಸಿಗೆ ಆಘಾತವಾಗುವ ಸುದ್ದಿ ಏನೂ ಕಿವಿಗೆ ಬೀಳಕೂಡದು ಅಂತ ಡಾಕ್ಟರು ಹೇಳಿದ್ದಾರೆ ಎಂದಳು. ಗಜಾಲಾ ಹೂಂ, ಹೂಂ ಎಂದು ಕೇಳಿಸಿಕೊಂಡು, ನಾನು ಚೆನ್ನಾಗಿದ್ದೀನಿ, ಸೀಸನ್ ಮುಗಿದ ಕೂಡಲೇ ಬರ್ತೀನಿ ಎಂದು ಫೋನ್ ಇಟ್ಟಳು.

"ಅಮ್ಮೀಗೆ ಹೇಳಿದ್ರೆ ನನ್ನ ಕಸಂ, ನನ್ನ ಮೇಲಾಣೆ," ಎಂದಳು ನಯೀಮನಿಗೆ. "ರುಮಾನಾಗೂ ಬೇಡ. ಅವಳ ಮುಖ ನೋಡಿದ್ರೇ ಅಮ್ಮೀಗೆ ಗೊತ್ತಾಗ್ಬಿಡುತ್ತೆ."

"ಆಮೇಲೆ?"

"ಆಮೇಲೂ ಹೇಳ್ಬೇಡಿ. ಅಮ್ಮೀಗೋಸ್ಕರ ಮುಚ್ಚಿಟ್ವಿ ಅಂತ ಗೊತ್ತಾದ್ರೆ ಬದುಕ್ತಾಳಾ ಅವಳು? ನಿಮ್ಮನ್ನ ಬೈತಾಳೆ, ಬೈಸ್ಕೊಳ್ಳಿ."

ಮನೆಗೆ ಬಂದವಳೇ ಕಂಪ್ಯೂಟರಿನ ಮುಂದೆ ಕುಳಿತಳು. ತನ್ನ ಫೋಟೋ ತೆರೆದು, ಸ್ಟುಡಿಯೋದಲ್ಲಿ ಕಲಿತದ್ದನ್ನೆಲ್ಲ ತೆಗೆದಳು. ಕಣ್ಣಿನ ಬಿಳುಪು ಬೇರೆ, ಕೆನ್ನೆ ಬೇರೆ, ಹಣೆ ಬೇರೆ. ಬಟ್ಟೆಯ ಬಣ್ಣಕ್ಕೆ ಏನೂ ಆಗದ ಹಾಗೆ, ಹಿಂದಿನ ಗೋಡೆಗೆ ಏನೂ ಆಗದ ಹಾಗೆ, ಮುಖವೊಂದರಿಂದಲೇ ಹಳದಿಯನ್ನು ಹೆಕ್ಕಿ ಹೆಕ್ಕಿ ತೆಗೆದಳು. ಮುಗಿದ ಮೇಲೆ ನಯೀಮನ ಕಡೆ ತಿರುಗಿ, "ಗಿಡಕ್ಕೆ ಒಂದಿನಾನೂ ಹಿಂಗೆ ಮಾಡಿಲ್ಲ ನಾನು," ಎಂದು ಅತ್ತಳು. ಅವಳು ಅತ್ತದ್ದನ್ನು ಅವನು ನೋಡಿದ್ದು ಅದೊಂದೇ ಸಲ.

ವಾರಕ್ಕೊಂದು ಫೋಟೋ ಹೋಯಿತು. ಅಮ್ಮೀ ವಿಡಿಯೋ ಮಾಡು ಅಂದರೆ ನರ್ಸರಿಯಲ್ಲಿ ನೆಟ್‌ವರ್ಕ್ ಇಲ್ಲ. ಬಕ್ರೀದಿಗೆ ಬಾ ಅಂದರೆ ಆರ್ಡರ್ ಜಾಸ್ತಿ. ನಯೀಮ್ ಮಾತ್ರ ಪ್ರತಿದಿನ ಹಳೆಯ ಫೋಟೋಗಳನ್ನು ತೆಗೆದು ನೋಡುತ್ತಿದ್ದ. ಕಾಗದದ ಹೂವಿನ ಸಾಲಿನಲ್ಲಿ ತೆಗೆದ ಆ ಮೊದಲನೆಯದನ್ನು ನೋಡಿದಾಗಲೆಲ್ಲ ಅವಳ ಕಣ್ಣಿನ ಮೇಲೆ ಬೆರಳಿಟ್ಟು ದೊಡ್ಡದು ಮಾಡುತ್ತಿದ್ದ. ಹಳದಿ ಅಲ್ಲೇ ಇತ್ತು. ಅವನೇ ಕಂಡಿದ್ದ, ಬಾಯಿಬಿಟ್ಟು ಹೇಳಿಯೂ ಇದ್ದ. ನೆಟ್ಟಿನ ಬಣ್ಣ ಅಂದಾಗ ಹೌದು ಅಂದುಬಿಟ್ಟಿದ್ದ.

ಕೊನೆಯ ವಾರ ಅವಳಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ. ನಾನು ಕೊಟ್ಟ ದುಪಟ್ಟಾ ಇನ್ನೂ ಹಾಕ್ಕೊಂಡೇ ಇಲ್ಲ, ಒಂದ್ಸಲ ತೋರ್ಸೇ ಎಂದು ಅಮ್ಮೀ ಕೇಳಿದ್ದಳು. ನಯೀಮ್ ದಿಂಬು ಒತ್ತಿಟ್ಟು ಅವಳನ್ನು ಕೂರಿಸಿ, ದುಪಟ್ಟಾ ಹೊದಿಸಿ, ತನ್ನ ಫೋನಿನಲ್ಲೇ ಫೋಟೋ ತೆಗೆದ. ಹೆಕ್ಕಿ ತೆಗೆಯುವುದು ಅವನಿಗೆ ಬರುತ್ತಿರಲಿಲ್ಲ. ಹಳದಿ ಹೆಚ್ಚು ಕಡಿಮೆ ಮಾಡುವ ಸ್ಲೈಡರ್ ಹಿಡಿದು ಒಂದೇ ಎಳೆತಕ್ಕೆ ಕೊನೆಯವರೆಗೆ ಎಳೆದ, ಮೇಲೆ ಒಂದಿಷ್ಟು ಕೆಂಪು ಹಾಕಿ ಕಳಿಸಿದ. ಆಮೇಲೆ ಅವಳಿಗೆ ತೋರಿಸಿದ.

"ಪಾಪ, ದುಪಟ್ಟಾನ ಸಾಯಿಸ್ಬಿಟ್ರಲ್ರೀ," ಎಂದಳು ಗಜಾಲಾ. ನಗಲು ನೋಡಿದಳು.

*

ರೆಹಾನಾ ದುಪಟ್ಟಾ ಹಿಡಿದುಕೊಂಡೇ ನಡುಮನೆಗೆ ಬಂದಳು. ಗಂಡಸರು ನಮಾಜ್ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದರು. ಅವಳು ಯಾರನ್ನೂ ಲೆಕ್ಕಿಸದೆ ನಯೀಮನ ಮುಂದೆ ಫೋನ್ ಹಿಡಿದಳು.

"ಇದರ ಬಣ್ಣ ಯಾರು ತೆಗೆದಿದ್ದು?"

"ನಾನು."

"ಯಾವಾಗಿಂದ ತೆಗೀತಿದ್ರಿ?"

"ಕಾಯಿಲೆ ಗೊತ್ತಾದಾಗಿಂದ. ಐದು ತಿಂಗಳಾಯ್ತು, ಅಮ್ಮೀ."

ಯಾರೋ ಹೆಂಗಸು ಯಾ ಅಲ್ಲಾಹ್ ಎಂದಳು. ರೆಹಾನಾ ಎದೆಯ ಮೇಲೆ ಕೈ ಇಟ್ಟುಕೊಂಡಳು. ರುಮಾನಾ ಓಡಿಬಂದು ಹಿಡಿದುಕೊಂಡಳು.

"ಐದು ತಿಂಗಳು ನನ್ನ ಮಗಳು ಸಾಯ್ತಿದ್ಲು. ನಾನು ಚಳ್ಳಕೆರೇಲಿ ಫೋಟೋ ನೋಡ್ಕೊಂಡು ಊಟ ಮಾಡ್ತಿದ್ದೆ. ಯಾಕೋ? ಯಾಕೆ ಹೇಳ್ಲಿಲ್ಲ?"

ಶಾಂತಲಾಳಿಗೆ ತಡೆಯಲಾಗಲಿಲ್ಲ. "ಅಮ್ಮಾ, ಅವರ ತಪ್ಪಿಲ್ಲ. ನಿಮ್ಮ ಆಪರೇಷನ್..."

"ಅಕ್ಕಾ!"

ನಯೀಮ್ ಅಷ್ಟು ಜೋರಾಗಿ ಕೂಗಿದ್ದನ್ನು ಅಲ್ಲಿದ್ದವರು ಯಾರೂ ಕೇಳಿರಲಿಲ್ಲ. ಶಾಂತಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

"ನಾನೇ ಹೇಳ್ಬೇಡ ಅಂದಿದ್ದು," ಎಂದ ನಯೀಮ್. ಅವನು ನೆಲ ನೋಡುತ್ತಿದ್ದ. "ಹಳದಿ ಆಗಿರೋದನ್ನ ಮೊದಲು ನೋಡಿದ್ದು ನಾನು. ಆಸ್ಪತ್ರೆಗೆ ಕರ್ಕೊಂಡ್ ಹೋಗ್ಲಿಲ್ಲ. ತಡ ಮಾಡ್ಬಿಟ್ಟೆ. ಗೊತ್ತಾದ್ರೆ ನೀವೆಲ್ಲ ಸೇರಿ ನನ್ನ ಬಿಡಲ್ಲ ಅಂತ ಹೆದರ್ಕೊಂಡೆ. ಅದಕ್ಕೇ ಮುಚ್ಚಿಟ್ಟೆ. ಅವಳು ಹೇಳ್ತೀನಿ ಹೇಳ್ತೀನಿ ಅಂತಿದ್ಲು. ನಾನೇ ಬಿಡ್ಲಿಲ್ಲ."

ನೋಡಿದ್ದು, ತಡ ಮಾಡಿದ್ದು ನಿಜ. ಉಳಿದದ್ದು ಅದರ ಬೆನ್ನಿಗೇ ಬಂದ ಸುಳ್ಳು.

"ನಮ್ಮ ಆಪಾನ್ನ ನೀವೇ ಕೊಂದ್ರಿ, ದುಲ್ಹಾಭಾಯ್," ಎಂದಳು ರುಮಾನಾ. ಅವನು ಹೌದೆನ್ನುವಂತೆ ತಲೆಯಾಡಿಸಿದ. ಹೊಡೆಯುತ್ತಾಳೇನೋ ಎಂದು ಎಲ್ಲರೂ ರೆಹಾನಾಳನ್ನು ನೋಡಿದರು. ಅವಳು ಹೊಡೆಯಲಿಲ್ಲ. ಅಳಿಯನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಗಳ ತಲೆಯ ಹತ್ತಿರ ಬಗ್ಗಿ ಕುಳಿತಳು. ದುಪಟ್ಟಾವನ್ನು ಕಫನಿನ ಮೇಲೆ ಹರಡಿ, ಕೈಯಿಂದ ಸವರಿ, ಮತ್ತೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ದೂಧ್ ಬಕ್ಷೀ, ಬೇಟಾ," ಎಂದಳು. "ಎಲ್ಲಾ ಬಕ್ಷೀ. ಹೋಗು."

ಮುಖ ಮುಚ್ಚುವ ಮುಂಚೆ ನಯೀಮನನ್ನು ಕರೆದರು. ಬಾಗಿಲಿನಿಂದ ಬೆಳಕು ನೇರವಾಗಿ ಅವಳ ಮೇಲೆ ಬೀಳುತ್ತಿತ್ತು. ಹಸಿರು ನೆಟ್ಟಿಲ್ಲ, ಮಂಕು ಬಲ್ಬಿಲ್ಲ, ಸುತ್ತ ಎಲ್ಲ ಬಿಳಿ. ಅವಳು ಎಷ್ಟು ಹಳದಿಯಾಗಿದ್ದಳು ಎಂದು ಅವನಿಗೆ ಆವತ್ತೇ ಮೊದಲು ಕಂಡಿತು. ಮುಟ್ಟಬೇಕೆಂದು ಕೈ ಮುಂದೆ ಹೋಯಿತು. ಖಾದರ್ ಬಾಷಾ ಅದನ್ನು ಹಿಡಿದುಕೊಂಡು, "ಬಾ ಬೇಟಾ, ಹೆಗಲು ಕೊಡು," ಎಂದರು.

*

ಮಣ್ಣು ಕೊಟ್ಟು ಬರುವಷ್ಟರಲ್ಲಿ ಸಂಜೆಯ ಅಸರ್ ನಮಾಜಿನ ಹೊತ್ತಾಗಿತ್ತು. ಪಕ್ಕದ ಮನೆಯವರು ತಂದಿಟ್ಟಿದ್ದ ಅನ್ನ ದಾಲ್ಚಾ ಹಾಗೇ ಇತ್ತು. ಶಾಂತಲಾ ಹಿತ್ತಲಿನಲ್ಲಿ ಕುಂಡಗಳನ್ನು ಮೊದಲಿನ ಜಾಗಕ್ಕೆ ಎಳೆದಿಡುತ್ತಿದ್ದಳು. ಅವಳಿಗೆ ಮನೆಗೆ ಹೋಗಲೂ ಆಗುತ್ತಿಲ್ಲ, ಕೂರಲೂ ಆಗುತ್ತಿಲ್ಲ. ಮಣ್ಣಾದ ಕೈ ತೊಳೆಯದೆ ನಯೀಮ್ ಜಗಲಿಯ ಮೇಲೆ ಕುಳಿತಿದ್ದ. ರುಮಾನಾ ಬಂದು, ಅವನ ಮುಖ ನೋಡದೆ, "ಅಮ್ಮೀ ಕರೀತೈತೆ," ಎಂದು ಹೇಳಿ ಹೋದಳು.

ರೆಹಾನಾ ಒಳಕೋಣೆಯಲ್ಲಿ ಮಗಳ ಮಂಚದ ಮೇಲೆ ಕುಳಿತಿದ್ದಳು. ಎದುರಿಗೆ ಕಂಪ್ಯೂಟರ್, ಅದರ ಪಕ್ಕ ಒಣಗಿದ ಎರಡು ಎಲೆ.

"ಬಾಗಿಲು ಹಾಕು."

ಅವನು ಹಾಕಿ ನಿಂತ.

"ಆ ಶಾಂತಲಮ್ಮ ನಿಮ್ಮ ಆಪರೇಷನ್ ಅಂತ ಬಾಯಿ ತೆಗೆದ್ಲು. ನೀನು ಗದರಿಸಿ ಮುಚ್ಚಿಸ್ದೆ. ನನಗೇನು ಕಿವಿ ಇಲ್ವಾ?"

"ಅಮ್ಮೀ, ಅದು..."

"ನಿನಗೆ ಸುಳ್ಳು ಹೇಳಕ್ಕೆ ಬರಲ್ಲ ನಯೀಮ್. ಬಣ್ಣ ತೆಗೆಯಕ್ಕೂ ಬರಲ್ಲ. ಅವಳಿಗೆ ಎರಡೂ ಬರ್ತಿತ್ತು." ಅವಳು ಎದೆಯ ಮೇಲಿನ ಹೊಲಿಗೆಯ ಜಾಗವನ್ನು ಮುಷ್ಟಿಯಿಂದ ಗುದ್ದಿಕೊಂಡಳು. "ಇದಕ್ಕೋಸ್ಕರ ತಾನೇ? ಈ ಹಾಳು ಎದೆಗೋಸ್ಕರ. ನಾನು ಗಟ್ಟಿಯಾಗ್ಲಿ ಅಂತ. ಯಾರಿಗೋಸ್ಕರ ಗಟ್ಟಿಯಾಗ್ಬೇಕಿತ್ತೋ ನಾನು? ಐದು ತಿಂಗಳು ಅವಳ ತಲೆ ನನ್ನ ತೊಡೆ ಮೇಲೆ ಇರ್ಬೇಕಿತ್ತು. ಅಷ್ಟಾದ್ಮೇಲೆ ನಾನು ಸತ್ತಿದ್ರೇನು?"

ನಯೀಮ್ ಅವಳ ಕಾಲ ಬಳಿ ಕುಸಿದು ಕುಳಿತ. ಬೆಳಿಗ್ಗೆಯಿಂದ ಹಿಡಿದಿಟ್ಟದ್ದೆಲ್ಲ ಒಡೆಯಿತು. "ಕಸಂ ಹಾಕಿಸ್ಕೊಂಡಿದ್ಲು ಅಮ್ಮೀ," ಎಂದ. "ಆದ್ರೆ ತಡ ಮಾಡಿದ್ದು ನಿಜ. ಆ ಹಳದಿ ನಾನು ನೋಡಿದ್ದೆ. ನಿಜವಾಗ್ಲೂ ನೋಡಿದ್ದೆ." ರೆಹಾನಾ ಅವನ ತಲೆಯ ಮೇಲೆ ಕೈ ಇಡಲಿಲ್ಲ, ದೂಡಲೂ ಇಲ್ಲ. ಹೊರಗೆ ಕುಂಡ ಎಳೆಯುವ ಸದ್ದು ನಿಂತು ಮತ್ತೆ ಶುರುವಾಯಿತು.

"ಫೋನ್ ತೆಗಿ," ಎಂದಳು ಕೊನೆಗೆ. "ನಾನು ಕೊಟ್ಟ ದುಪಟ್ಟಾ ಅದು. ಅದರ ಬಣ್ಣ ವಾಪಸ್ ಹಾಕು."

"ಬೇಡ ಅಮ್ಮೀ. ಇದರ ಬಣ್ಣ ಬಂದ್ರೆ ಮುಖದ್ದೂ ಬರುತ್ತೆ. ಬೇರೆ ಬೇರೆ ಮಾಡಕ್ಕೆ ನನಗೆ ಬರಲ್ಲ."

"ಬರ್ಲಿ."

ಅವನು ಫೋಟೋ ತೆರೆದ. ಮೇಲೆ ಹಾಕಿದ್ದ ಕೆಂಪನ್ನು ಮೊದಲು ತೆಗೆದ. ಗಜಾಲಾಳ ಕೆನ್ನೆಯ ಗುಲಾಬಿ ಹೋಗಿ ಸುಣ್ಣದ ಗೋಡೆಯಂತಾಯಿತು. ರೆಹಾನಾ ದುಪಟ್ಟಾದ ಅಂಚನ್ನು ಫೋನಿನ ಪಕ್ಕಕ್ಕೆ ಒತ್ತಿ ಹಿಡಿದಳು. ಬಟ್ಟೆ ಅಲುಗದಂತೆ ಇನ್ನೊಂದು ಕೈಯಿಂದಲೂ ಹಿಡಿದುಕೊಂಡಳು. ನಯೀಮ್ ಹಳದಿಯ ಸ್ಲೈಡರ್ ಮೇಲೆ ಬೆರಳಿಟ್ಟು ಒಂದಿಷ್ಟು ಎಳೆದ. ಫೋಟೋದಲ್ಲಿನ ದುಪಟ್ಟಾ ಕೆನೆಯ ಬಣ್ಣಕ್ಕೆ ಬಂತು. ಮುಖಕ್ಕೂ ಅಷ್ಟೇ ಬಂತು.

ರೆಹಾನಾ ಬಟ್ಟೆ ನೋಡಿದಳು, ಪರದೆ ನೋಡಿದಳು. "ಇನ್ನೂ ಸ್ವಲ್ಪ," ಎಂದಳು.

ನಯೀಮನ ಬೆರಳು ನಿಂತುಬಿಟ್ಟಿತು. ಅವನು ತಲೆಯೆತ್ತಿ ಅವಳನ್ನು ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಅವನು ಮತ್ತೆ ಎಳೆದ. ಕಣ್ಣುಗಳ ಬಿಳುಪು ಹೋಯಿತು. ಹಣೆ, ಕೆನ್ನೆ, ದಿಂಬಿನ ಮೇಲೆ ಬಿದ್ದಿದ್ದ ಕೈ, ಒಂದೊಂದಾಗಿ ಹಳದಿಗೆ ತಿರುಗಿದವು. ನಗು ಮಾತ್ರ ಹಾಗೇ ಇತ್ತು.

"ಇನ್ನೂ ಸ್ವಲ್ಪ," ಎಂದಳು ರೆಹಾನಾ, ಬಟ್ಟೆಯನ್ನು ಮಗಳ ಕೆನ್ನೆಗೆ ಇನ್ನಷ್ಟು ಹತ್ತಿರ ತಂದು.